ಬೇಲಿಯಾಚೆ ಕೇಳಿದ ಅರ್ಧ ಮಾತು

ಆ ಊರಿನಲ್ಲಿ ನಾನು ಇಳಿದದ್ದು ಮೂರು ದಿನ ಇದ್ದು ಮುಂದೆ ಹೋಗೋಣವೆಂದು. ಇದ್ದದ್ದು ಎಂಟು ತಿಂಗಳು. ಬಂದ ಮರುದಿನವೇ, ಬಂದರಿನಿಂದ ಮೇಲಿನ ಓಣಿಗೆ ಹತ್ತುವ ಕಲ್ಲುದಾರಿಯಲ್ಲಿ ಬೆನ್ನಚೀಲದ ಸಮೇತ ಉರುಳಿ ಬಿದ್ದೆ. ಎಡಗಾಲಿನ ಎಲುಬು ಎರಡು ಕಡೆ ಮುರಿಯಿತು. ಬಿದ್ದದ್ದು ಒಂದು ಹಸಿರು ಬಾಗಿಲಿನ ಎದುರಿಗೆ. ಬಾಗಿಲು ತೆರೆದು ಹೊರಗೆ ಬಂದ ಹೆಂಗಸು ನನ್ನ ಮುಖ ನೋಡಿದಳು, ಕಾಲು ನೋಡಿದಳು, ಒಳಗೆ ಹೋಗಿ ತನ್ನ ಊಟದ ಮೇಜಿನ ಹಲಗೆಯನ್ನೇ ಕಿತ್ತು ತಂದಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರನ್ನು ಕರೆದು, ಅದರ ಮೇಲೆ ನನ್ನನ್ನು ಮಲಗಿಸಿ ಒಳಗೆ ಒಯ್ದಳು. ಆಕೆಯ ಹೆಸರು ಓರ್ಮಾ. ಅರವತ್ತು ದಾಟಿದವಳು, ಗಂಡ ಸತ್ತು ಒಂಟಿಯಾಗಿದ್ದವಳು, ಹಾಯಿದೋಣಿಗಳ ಬಟ್ಟೆ ಹೊಲಿದು ಬದುಕುವವಳು. ಇದೆಲ್ಲ ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆ ದಿನ ತಿಳಿದದ್ದು ಇಷ್ಟೇ: ಆಕೆಯ ಒಂದು ಮಾತೂ ನನಗೆ ಅರ್ಥವಾಗುವುದಿಲ್ಲ, ನನ್ನದೂ ಆಕೆಗೆ ಆಗುವುದಿಲ್ಲ.

ನಮ್ಮೂರು ಬಾದಾಮಿ. ಬಸ್‌ಸ್ಟ್ಯಾಂಡಿನ ಹತ್ತಿರ ಅಪ್ಪನದು ಕಟಿಂಗ್ ಅಂಗಡಿ. ಕೆಂಪು ಬಂಡೆ ಹತ್ತಲು ಬರುವ ಪರದೇಶದವರು ತಮ್ಮ ತಲೆಗಿಂತ ಎತ್ತರದ ಚೀಲವನ್ನು ಬೆನ್ನಿಗೇರಿಸಿಕೊಂಡು ಅಂಗಡಿಯ ಮುಂದೆ ಹಾಯುವುದನ್ನು ನೋಡುತ್ತಲೇ ನಾನು ದೊಡ್ಡವಳಾದೆ. ಊರವರು ಅವರನ್ನು ಎಲ್ಲಿಂದ ಬಂದಿರಿ ಎಂದು ಕೇಳುತ್ತಿದ್ದರು. ನನಗೆ ಮಾತ್ರ ಇಲ್ಲಿಂದ ಇವರು ಎಲ್ಲಿಗೆ ಹೋಗುತ್ತಾರೆ ಎಂಬುದೇ ತಲೆಯಲ್ಲಿ. ಅಂಥವಳೊಬ್ಬಳು ಹೊರಡುವಾಗ ತನ್ನ ಚೀಲವನ್ನು ಅಪ್ಪನಿಗೆ ಬಿಟ್ಟುಹೋದಳು. ಹತ್ತು ವರ್ಷ ಅದು ಅಂಗಡಿಯ ಅಟ್ಟದ ಮೇಲೆ ದೂಳು ತಿಂದಿತು. ನನಗೆ ಇಪ್ಪತ್ತೇಳು ತುಂಬಿದ ವರ್ಷ ಅದನ್ನು ಕೆಳಗಿಳಿಸಿದೆ. ಅಪ್ಪ ಬೈಯಲಿಲ್ಲ. ಎರಡು ಕತ್ತರಿ, ಬಾಚಣಿಕೆ, ಒಂದು ಮಷಿನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟು, ಯಾವ ದೇಶಕ್ಕೆ ಹೋದರೂ ಮಂದಿಯ ತಲೆಯಲ್ಲಿ ಕೂದಲು ಬೆಳೆದೇ ಬೆಳೆಯುತ್ತದೆ, ಉಪವಾಸ ಬೀಳುವುದಿಲ್ಲ, ಹೋಗು ಎಂದ. ಅವನ ಮಾತು ಸುಳ್ಳಾಗಲಿಲ್ಲ. ಒಂದೂವರೆ ವರ್ಷ ಆ ಕತ್ತರಿಗಳೇ ನನ್ನ ಹೊಟ್ಟೆ ಹೊರೆದವು. ಕಟಿಂಗ್ ಮಾಡುವವಳಿಗೆ ಭಾಷೆ ಬೇಕಿಲ್ಲ. ಒಂದು ಕನ್ನಡಿ ಇದ್ದರೆ ಸಾಕು.

ಆದರೆ ಮುರಿದ ಕಾಲಿಗೆ ಕನ್ನಡಿಯಿಂದ ಏನು ಪ್ರಯೋಜನ? ಮೊದಲ ಮೂರು ತಿಂಗಳು ಓರ್ಮಾ ನನ್ನನ್ನು ಕೂಸಿನ ಹಾಗೆ ನೋಡಿಕೊಂಡಳು. ಎದ್ದು ಕೂರಲು ಅನುಕೂಲವಾಗಲೆಂದು ತೊಲೆಗೆ ಹಾಯಿಯ ಹಗ್ಗ ಬಿಗಿದು ನನ್ನ ಕೈಗೆ ಕೊಟ್ಟಳು. ಮೈ ಒರೆಸಿದಳು, ಹಾಸಿಗೆ ಶುಚಿ ಮಾಡಿದಳು, ಗಂಜಿ ಕುಡಿಸಿದಳು. ಕಟ್ಟು ಬಿಚ್ಚಿದ ಮೇಲೆ ದಿನಾ ಬೆಳಿಗ್ಗೆ ನನ್ನ ರಟ್ಟೆ ಹಿಡಿದು ನಡೆಸತೊಡಗಿದಳು. ಇವತ್ತು ಒಂಬತ್ತು ಹೆಜ್ಜೆ, ನಾಳೆ ಹನ್ನೆರಡು. ನಾನು ನೋವಿಗೆ ಕಿರುಚುತ್ತಿದ್ದೆ, ಬಾಯಿಗೆ ಬಂದದ್ದನ್ನೆಲ್ಲ ಬೈಯುತ್ತಿದ್ದೆ. ನಮ್ಮ ಕಡೆ ಸಂತೆಯಲ್ಲಿಯೂ ಜನ ಆಡಲು ಹಿಂಜರಿಯುವ ಮಾತುಗಳು ಅವು. ಆಕೆ ಮುಖವನ್ನು ಕಲ್ಲು ಮಾಡಿಕೊಂಡು ಹದಿಮೂರನೆಯ ಹೆಜ್ಜೆ ಇಡಿಸುತ್ತಿದ್ದಳು. ದಾನೇಶ್ವರಿ ಎಂಬ ನನ್ನ ಹೆಸರು ಅವಳ ಬಾಯಲ್ಲಿ ದಾನೇ ಆಯಿತು. ನಮ್ಮ ಕಡೆ ಅಜ್ಜಿಯನ್ನು ಕರೆಯುವ ಹಾಗೆ ಅವಳನ್ನು ನಾನು ಆಯಿ ಎಂದೆ. ನಮ್ಮಿಬ್ಬರ ನಡುವೆ ಇದ್ದ ಮಾತು ಅವೆರಡೇ.

ಆ ಊರಿನಲ್ಲಿ ಮೂರು ಬಗೆಯ ಜನ. ಬಂದರಿನವರು, ಗುಡ್ಡದವರು, ಉಪ್ಪಿನ ಓಣಿಯವರು. ಮೂವರದೂ ಬೇರೆ ಬೇರೆ ಭಾಷೆ. ನೂರಾರು ವರ್ಷ ಒಂದೇ ಬಾವಿಯ ನೀರು ಕುಡಿದರೂ ಒಬ್ಬರದನ್ನು ಇನ್ನೊಬ್ಬರು ಕಲಿತಿರಲಿಲ್ಲ. ಊರ ನಡುವಿನ ದಿಬ್ಬದ ಮೇಲೆ ಮೂರು ತೋಟಗಳಿದ್ದುದೇ ಅದಕ್ಕೆ ಕಾರಣ. ಒಂದರ ಮೇಲೊಂದು ಮೆಟ್ಟಿಲಿನಂತೆ ಇರುವ ಆ ತೋಟಗಳ ಸುತ್ತ ಸೊಂಟದೆತ್ತರದ ಕಬ್ಬಿಣದ ಬೇಲಿ. ಬೇಲಿಯ ಒಳಗೆ ಯಾರು ಏನು ಆಡಿದರೂ, ಒಳಗಿರುವವರಿಗೆಲ್ಲ ಅದು ಅವರವರ ತಾಯಿಯ ಮಾತಿನಲ್ಲಿ ಕೇಳಿಸುತ್ತಿತ್ತು. ಬೇಲಿ ದಾಟಿದರೆ ಮುಗಿಯಿತು. ಹೀಗಾಗಿ ಕಲಿಯುವ ಕಷ್ಟ ಯಾರಿಗೂ ಬೇಕಾಗಿರಲಿಲ್ಲ. ಏನಿದ್ದರೂ ಶುಕ್ರವಾರ ರಜೆಯ ದಿನ ತೋಟದಲ್ಲಿ ಹೇಳಿದರಾಯಿತು ಎಂದು ವಾರವೆಲ್ಲ ಕೈಸನ್ನೆಯಲ್ಲಿ ಬದುಕು ದೂಡುತ್ತಿದ್ದರು. ಓಣಿ ಬಿಟ್ಟು ಓಣಿಯಲ್ಲಿ ಮದುವೆಯಾದ ಗಂಡಹೆಂಡಿರು ವಾರದ ಜಗಳವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಬಂದು, ಕೊಳದ ದಂಡೆಯಲ್ಲಿ ಒಂದೊಂದಾಗಿ ಆಡಿ ಮುಗಿಸುತ್ತಿದ್ದರು. ಕೆಳಗಿನ ತೋಟದ ನಿಂಬೆಗಿಡಗಳ ಸಾಲಿನಲ್ಲಿ ಹೆಣ್ಣು ಗಂಡು ಕೇಳುವವರು, ದೋಣಿ ಕೊಳ್ಳುವವರು. ಅಂಜೂರದ ಮರದ ಬುಡದಲ್ಲಿ ಪೊಲೀಸರು ಹೇಳಿಕೆ ಬರೆದುಕೊಳ್ಳುತ್ತಿದ್ದರು. ಹಲ್ಲಿನ ವೈದ್ಯ ರೋಗಿಯನ್ನು ದವಾಖಾನೆಯಿಂದ ಇಲ್ಲಿಗೆ ಕರೆತಂದು, ಎಲ್ಲಿ ನೋವು ಎಂದು ಕೇಳಿಕೊಂಡು, ಮತ್ತೆ ಕೆಳಗೆ ಕರೆದೊಯ್ಯುತ್ತಿದ್ದ. ಇದನ್ನು ಯಾರೂ ಪವಾಡವೆಂದು ತಿಳಿದಿರಲಿಲ್ಲ. ಬೆಳಗಾದರೆ ಬಿಸಿಲು ಬರುವ ಹಾಗೆ ಇದೂ ಒಂದು.

ನಾನು ಮೊದಲು ಅಲ್ಲಿಗೆ ಹೋದದ್ದು ನಾಲ್ಕನೆಯ ತಿಂಗಳಲ್ಲಿ, ಎರಡು ಊರುಗೋಲಿನ ಮೇಲೆ. ಎಲುಬು ಕೂಡಿಸಿದ ಡಾಕ್ಟರು ದಿಬ್ಬದ ಕಡೆ ಬೆರಳು ತೋರಿಸಿ ಬಾ ಎಂದು ಸನ್ನೆ ಮಾಡಿದ್ದ. ದ್ವಾರ ದಾಟಿ ಎರಡು ಹೆಜ್ಜೆ ಇಟ್ಟಿದ್ದೆನಷ್ಟೆ, ಬದಿಯ ಬೆಂಚಿನಲ್ಲಿ ಒಬ್ಬ ಮುದುಕ ತನ್ನ ಬೀಗನಿಗೆ, ನಿನ್ನ ಕತ್ತೆ ನಮ್ಮ ಹೊಲದಲ್ಲಿ ಯಾಕೆ ಮೇಯುತ್ತದೆ ಎಂದು ಗದರಿಸುತ್ತಿದ್ದ. ಥೇಟ್ ನಮ್ಮೂರ ಹತ್ತಿರದ ಕುಳಗೇರಿ ಕ್ರಾಸಿನವರ ಧಾಟಿ. ಸುತ್ತ ನೋಡಿದರೆ ಎಲ್ಲ ಕಡೆ ನಮ್ಮೂರಿನ ಮಾತೇ. ಹೂವಿನ ಮಡಿಗೆ ನೀರು ಹಾಕುವವನ ಬಾಯಲ್ಲಿ, ಅಳುವ ಕೂಸನ್ನು ಸಂತೈಸುವವಳ ಬಾಯಲ್ಲಿ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತುಬಿಟ್ಟೆ. ಮೂರು ತಿಂಗಳಿಂದ ನನ್ನ ಭಾಷೆಯಲ್ಲಿ ಮಾತಾಡಿದ್ದು ನನ್ನ ನೋವು ಒಂದೇ. ದ್ವಾರ ಕಾಯುವ ತೀವಾ ಎಂಬ ಗುಡ್ಡದವನು ನೀರು ತಂದುಕೊಟ್ಟು, ಹೊರಗಿನಿಂದ ಬಂದವರು ಮೊದಲ ಸಲ ಎಲ್ಲರೂ ಇದೇ ಕಲ್ಲಿನ ಮೇಲೆ ಕೂತು ಅಳುತ್ತಾರೆ, ಅದಕ್ಕೇ ಇದನ್ನು ಇಲ್ಲಿ ಹಾಕಿಸಿದ್ದೇವೆ ಎಂದ.

ಅಂದಿನಿಂದ ನನಗೆ ಶುಕ್ರವಾರವೆಂದರೆ ಹಬ್ಬ. ಬೆನ್ನಚೀಲದಲ್ಲಿ ರೊಟ್ಟಿ, ಬೇಯಿಸಿದ ಮೊಟ್ಟೆ, ಚಹಾದ ಫ್ಲಾಸ್ಕು, ವಾರದಲ್ಲಿ ತಿಳಿಯದೆ ಉಳಿದ ಪ್ರಶ್ನೆಗಳನ್ನು ಬರೆದಿಟ್ಟ ನೋಟುಪುಸ್ತಕ ಹಾಕಿಕೊಂಡು ಬೆಳಿಗ್ಗೆಯೇ ಹೋಗಿಬಿಡುತ್ತಿದ್ದೆ. ಕೆಳಗಿನ ತೋಟದ ಗದ್ದಲ ಕೇಳುತ್ತ, ನಡುವಿನ ತೋಟದ ಕೊಳ ಸುತ್ತಿ, ಮೇಲಿನ ತೋಟದ ದಾಳಿಂಬೆ ಗಿಡಗಳ ಕೆಳಗೆ ಕಾಲು ಚಾಚಿ ಕೂರುತ್ತಿದ್ದೆ. ಗುರುತಾದವರೆಲ್ಲ ಓರ್ಮಾಳ ಮನೆಯ ಹುಡುಗಿ ಎಂದು ನನ್ನನ್ನು ಮಾತಾಡಿಸುತ್ತಿದ್ದರು. ಕಾಲು ಗಟ್ಟಿಯಾದ ಮೇಲೆ ಓರ್ಮಾಳ ಅಂಗಳದಲ್ಲಿ ಕಟಿಂಗ್ ಶುರು ಮಾಡಿದಾಗ ಮೊದಲ ಗಿರಾಕಿಗಳೂ ಅವರೇ.

ಆದರೆ ಓರ್ಮಾ ಮಾತ್ರ ಒಂದು ದಿನವೂ ತೋಟಕ್ಕೆ ಬರಲಿಲ್ಲ. ನಾನು ಕೈ ಹಿಡಿದು ದಿಬ್ಬದ ಕಡೆ ತೋರಿಸಿದರೆ ತಲೆ ಅಲ್ಲಾಡಿಸಿ ಒಲೆ ತೋರಿಸುವಳು. ಇನ್ನೊಮ್ಮೆ ಕರೆದರೆ ಮಂಡಿ ತೋರಿಸುವಳು. ಅದೇ ಮಂಡಿಯಲ್ಲಿ ದಿನಾ ಬಂದರಿಗೆ ಇಳಿದು ಹಾಯಿಯ ಕಟ್ಟು ಹೊತ್ತು ತರುತ್ತಿದ್ದಳು ಎನ್ನುವುದು ಬೇರೆ ಮಾತು. ತೀವಾನನ್ನು ಕೇಳಿದೆ. ಒಂಬತ್ತು ವರ್ಷದಿಂದ ಆಕೆ ಈ ದ್ವಾರ ದಾಟಿಲ್ಲ, ಗಂಡ ಸಾಲೇನ್ ತೀರಿಕೊಂಡ ವರ್ಷದಿಂದ, ಯಾಕೋ ಗೊತ್ತಿಲ್ಲ ಎಂದ. ನಿನ್ನ ಪರವಾಗಿ ನಾನೇ ಹೋಗಿ ಧನ್ಯವಾದ ಹೇಳಿ ಬರಲೇ ಎಂದೂ ಕೇಳಿದ. ಒಮ್ಮೆ ಹೇಳಿಯೂ ಬಂದ. ಓರ್ಮಾ ತಲೆಯಾಡಿಸಿ ಹೊಲಿಗೆ ಮುಂದುವರಿಸಿದಳಂತೆ. ನನಗೆ ಸಮಾಧಾನವಾಗಲಿಲ್ಲ. ನಾನು ಹೇಳಬೇಕಾಗಿದ್ದ ಮಾತುಗಳಲ್ಲಿ ಅರ್ಧ, ಇನ್ನೊಬ್ಬರ ಬಾಯಲ್ಲಿ ಕಳಿಸುವಂಥವಾಗಿರಲಿಲ್ಲ.

ನನಗೆ ಅಲ್ಲಿರಲು ಕೊಟ್ಟ ಪರವಾನಗಿ ಮುಗಿಯುತ್ತ ಬಂತು. ಶನಿವಾರ ಬೆಳಿಗ್ಗೆ ದೋಣಿ. ಅದರ ಹಿಂದಿನ ದಿನ ಶುಕ್ರವಾರ. ಕರೆಯುವುದನ್ನು ನಾನು ಆಗಲೇ ಬಿಟ್ಟಿದ್ದೆ. ಒಬ್ಬಳೇ ಕೊನೆಯ ಸಲ ತೋಟ ನೋಡಿ ಬರೋಣವೆಂದು ಚೀಲಕ್ಕೆ ರೊಟ್ಟಿ ಹಾಕುತ್ತಿದ್ದಾಗ ಓರ್ಮಾ ಬಾಗಿಲಲ್ಲಿ ಬಂದು ನಿಂತಳು. ನೀಲಿ ಕೋಟು ತೊಟ್ಟಿದ್ದಳು. ಕಾಲಲ್ಲಿ ಹಬ್ಬದ ದಿನದ ಬೂಟು. ನನ್ನ ಚೀಲದೊಳಗೆ ಇಣುಕಿ, ಎರಡೇ ಮೊಟ್ಟೆ ಇರುವುದನ್ನು ಕಂಡು, ಒಳಗೆ ಹೋಗಿ ಇನ್ನೆರಡು ತಂದು ಹಾಕಿದಳು. ನಾನು ಚೀಲ ಬೆನ್ನಿಗೇರಿಸಿದೆ. ಯಾಕೆಂದು ಕೇಳಿದ್ದರೂ ಅಲ್ಲಿ ಉತ್ತರ ಸಿಗುವಂತಿರಲಿಲ್ಲ.

ದ್ವಾರದಲ್ಲಿ ತೀವಾ ಅವಳನ್ನು ಕಂಡು ಟೊಪ್ಪಿಗೆ ತೆಗೆದು ಪಕ್ಕಕ್ಕೆ ಸರಿದ. ಓರ್ಮಾ ಬೇಲಿಯ ಸರಳಿನ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತಳು. ಆಮೇಲೆ ನನ್ನ ತೋಳು ಹಿಡಿದು ಒಳಗೆ ಕಾಲಿಟ್ಟಳು. ಎಂಟು ತಿಂಗಳು ಒಂದೇ ಸೂರಿನ ಕೆಳಗೆ ಇದ್ದವಳ ಮೊದಲ ಮಾತು ಕೇಳಲು ನಾನು ಅವಳ ಕಡೆ ಬಾಗಿದೆ.

“ಅಂಗಳದಾಗ ಕಟಿಂಗ್ ಮಾಡಿದ ಮ್ಯಾಲೆ ಕೂದಲಾ ಗುಡಿಸಬೇಕ, ತಂಗಿ,” ಎಂದಳು. “ಮೂರ ತಿಂಗಳಿಂದ ದಿನಾ ಮುಂಜಾನೆ ಅದನ್ನ ಹೇಳಾಕತ್ತೀನಿ. ನೀ ನಕ್ಕೋಂತ ಕೈ ಮುಗೀತಿ.”

ನನ್ನ ಸ್ವಂತ ಸೋದರತ್ತೆ ಎದುರಿಗೆ ನಿಂತು ಗದರಿಸಿದ ಹಾಗಾಯಿತು. ದಿನಾ ಬೆಳಿಗ್ಗೆ ನನ್ನ ತಲೆಯ ಕಡೆ ಕೈ ಮಾಡಿ ಆಕೆ ಆಡುತ್ತಿದ್ದ ಮಾತನ್ನು ನಾನು ಆಶೀರ್ವಾದ ಎಂದೇ ತಿಳಿದಿದ್ದೆ. ಹಾಗೆಂದು ಹೇಳಿದೆ. ಆಕೆ ನಗಲಿಲ್ಲ, ಆದರೆ ನನ್ನ ತೋಳು ಹಿಡಿದಿದ್ದ ಕೈ ತುಸು ಸಡಿಲವಾಯಿತು.

ಕೆಳಗಿನ ತೋಟದಲ್ಲಿ ಜನ ಮಾತು ನಿಲ್ಲಿಸಿ ನಮ್ಮನ್ನು ನೋಡಿದರು. ಓರ್ಮಾ ಯಾರ ಕಡೆಗೂ ತಿರುಗಲಿಲ್ಲ. ಕೊಳದ ಹತ್ತಿರ ಕಣಗಿಲೆ ಗಿಡಗಳು ಎಷ್ಟು ಎತ್ತರ ಬೆಳೆದಿವೆ ಎಂದು ನಿಂತು ನೋಡಿದಳು. ಮೊದಲು ತನ್ನ ಮೊಣಕಾಲಿಗೆ ಬರುತ್ತಿದ್ದವಂತೆ. ಮೇಲಿನ ತೋಟ ತಲುಪುವಷ್ಟರಲ್ಲಿ ಇಬ್ಬರಿಗೂ ಏದುಸಿರು, ನನಗೆ ಕಾಲಿನಿಂದ, ಆಕೆಗೆ ವಯಸ್ಸಿನಿಂದ. ದಾಳಿಂಬೆಯ ನೆರಳಿನಲ್ಲಿ ಕೂತೆವು.

ನಮ್ಮ ಕಡೆ ಮನೆಯವರಿಗೆ ಧನ್ಯವಾದ ಹೇಳುವ ರೂಢಿಯಿಲ್ಲ. ಅವ್ವ ಬಡಿಸಿದ ರೊಟ್ಟಿಗೆ ಯಾರಾದರೂ ಧನ್ಯವಾದ ಹೇಳಿದರೆ ಅವಳು ಹಣೆ ಮುಟ್ಟಿ ಜ್ವರ ನೋಡಿಯಾಳು. ಹೀಗಾಗಿ ವಾರವೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತು, ಬಾಯಿಗೆ ಬಂದಾಗ ಶಾಲೆಯ ವಾರ್ಷಿಕೋತ್ಸವದ ವಂದನಾರ್ಪಣೆಯ ಹಾಗಿತ್ತು. ತಾವು ನನಗೆ ಆಶ್ರಯ ಕೊಟ್ಟು ಎಂದೇನೋ ಶುರು ಮಾಡಿ, ನಡುವೆ ತಪ್ಪಿ, ಮತ್ತೆ ಹಿಡಿದು, ಹೇಗೋ ಮುಗಿಸಿದೆ. ಓರ್ಮಾ ಅಷ್ಟೂ ಹೊತ್ತು ಮೊಟ್ಟೆ ಸುಲಿಯುತ್ತ ಕೂತಿದ್ದಳು. ಸುಲಿದದ್ದನ್ನು ನನ್ನ ಕೈಗೆ ಕೊಟ್ಟು, ಮೇಜಿನ ಹಲಗೆ ಆ ದಿನ ಕಿತ್ತದ್ದು ಇನ್ನೂ ಸರಿಯಾಗಿ ಕೂತಿಲ್ಲ, ಹೋಗುವುದರೊಳಗೆ ನಾಲ್ಕು ಮೊಳೆ ಹೊಡೆದು ಹೋಗು ಎಂದಳು. ನನ್ನ ವಂದನಾರ್ಪಣೆಗೆ ಅದೇ ಉತ್ತರ. ನನಗೆ ಕಣ್ಣು ತುಂಬಿ ಬಂತು. ಆ ಮಾತು ನನ್ನನ್ನು ಮನೆಯವಳನ್ನಾಗಿ ಮಾಡಿತ್ತು.

ಆಗ ಧೈರ್ಯ ಮಾಡಿ ಇನ್ನೊಂದನ್ನೂ ಹೇಳಿದೆ. “ನಾ ನಿನಗ ಭಾಳ ಬೈದೀನಿ, ಆಯಿ. ನಡಸುವಾಗ. ನಿನ್ನ ಹೆಣಾ ಎತ್ತಲಿ ಅಂದೀನಿ.”

“ಗೊತ್ತೈತಿ. ಬೈಗುಳಾ ತಿಳ್ಯಾಕ ತ್ವಾಟ ಬೇಕಾಗಂಗಿಲ್ಲ,” ಎಂದಳು. “ನಾನೂ ಬೈದೀನಿ. ನಿನ್ನ ಎತ್ತುವಾಗೆಲ್ಲ, ಇದನೌನ ಎಮ್ಮಿ ಹಂಗ ಭಾರ ಐತಿ ಅಂತಿದ್ದೆ.”

ಇಬ್ಬರೂ ನಕ್ಕೆವು. ಎಂಟು ತಿಂಗಳಲ್ಲಿ ಒಂದೇ ಕಾರಣಕ್ಕೆ, ಒಂದೇ ಹೊತ್ತಿಗೆ ನಕ್ಕದ್ದು ಅದೇ ಮೊದಲು. ನಗು ನಿಂತ ಮೇಲೆ ಆಕೆ ಕೋಟಿನ ಗುಂಡಿಯನ್ನು ತಿರುವಿದಳು. ಆಮೇಲೆ ಹೇಳತೊಡಗಿದಳು.

ಸಾಲೇನ್ ಬಂದರಿನವನು, ಹಾಯಿದೋಣಿ ನಡೆಸುವವನು. ಇವಳು ಗುಡ್ಡದವಳು. ಮೂವತ್ತೊಂದು ವರ್ಷದ ಸಂಸಾರ. ವಾರದಲ್ಲಿ ಆರು ದಿನ ಅವನು ನೀರಿನ ಮೇಲೆ, ಏಳನೆಯ ದಿನ ಇಬ್ಬರೂ ತೋಟದಲ್ಲಿ. ಮಿಕ್ಕಿದ್ದಕ್ಕೆಲ್ಲ ಒಂದು ಐವತ್ತು ಮಾತು, ಕಣ್ಣು, ಕೈ ಸಾಕಾಗುತ್ತಿದ್ದವು. ಒಂಬತ್ತು ವರ್ಷದ ಹಿಂದೆ ಒಂದು ದಿನ ಇವಳ ತಾಯಿಯ ಕಾಲದ ಮರದ ಪೆಟಾರಿ ಮನೆಯಲ್ಲಿ ಇರಲಿಲ್ಲ. ಸಾಲೇನ್ ಅದನ್ನು ತನ್ನ ತಂಗಿ ದೇಸ್ರಾಳ ಮನೆಗೆ ಕೊಟ್ಟು ಬಂದಿದ್ದ. ದೇಸ್ರಾಳಿಗೆ ಮೊದಲಿನಿಂದಲೂ ಇವಳನ್ನು ಕಂಡರೆ ಆಗುತ್ತಿರಲಿಲ್ಲ. ಓರ್ಮಾ ಶುಕ್ರವಾರದವರೆಗೆ ಸಿಟ್ಟನ್ನು ಹಿಡಿದಿಟ್ಟುಕೊಂಡು, ಇದೇ ತೋಟಕ್ಕೆ ಬಂದು ಅವನ ಮೇಲೆ ಹರಿಹಾಯ್ದಳು. ಅವನು ಏನೋ ಹೇಳಲು ಹೋದ. ಇವಳು ಕೇಳಲಿಲ್ಲ. ಎದ್ದು ದರದರ ನಡೆದಳು. ಅವನು ಹಿಂದಿನಿಂದ ಕೂಗಿದ. ಓರ್ಮಾ, ನೀ ಹಿಂಗ ಹೋಗೂದಾದ್ರ, ಎನ್ನುವಲ್ಲಿಗೆ ಇವಳ ಕಾಲು ದ್ವಾರ ದಾಟಿತು. ಉಳಿದರ್ಧ ಬರೀ ಸದ್ದಾಗಿ ಕಿವಿಗೆ ಬಿತ್ತು.

ಆ ಮೇಲೆ ನಾಲ್ಕು ದಿನ ಇವಳು ಅವನ ಮುಖ ನೋಡಲಿಲ್ಲ. ಐದನೆಯ ದಿನ ಬೆಳಿಗ್ಗೆ ಸಾಲೇನ್ ದೋಣಿಯ ಹಗ್ಗ ಬಿಚ್ಚುತ್ತಿದ್ದವನು ಅಲ್ಲೇ ಕುಸಿದು ಹೋದ.

“ಹಿಂಗ ಹೋಗೂದಾದ್ರ ಹೊಳ್ಳಿ ಬರಬ್ಯಾಡ ಅಂದನೋ, ನಿನ್ನ ಕೂಡ ಬಾಳೇ ಮಾಡಂಗಿಲ್ಲ ಅಂದನೋ, ಒಂಬತ್ತ ವರ್ಷ ಅದನ್ನ ನೆನಸ್ಕೋಂತ ಕುಂತೀನಿ,” ಎಂದಳು ಓರ್ಮಾ. “ಆ ಸದ್ದ ಮಾತ್ರ ಇವತ್ತಿಗೂ ಹಂಗ ಕಿವ್ಯಾಗ ಐತಿ. ಒಂದ ಅಕ್ಷರ ಮರ್ತಿಲ್ಲ. ನಾ ಆಡಿದ್ದ ನನಗ ಬರೀ ಸದ್ದ, ಆದ್ರ ಇಲ್ಲಿ ಕುಂತು ನಾ ಅದನ್ನ ಅಂದ್ರ, ನಿನಗ ತಿಳಿಯಬೇಕು. ತ್ವಾಟದ ಗಿಣಿ ಆಡಿದ್ದ ಎಲ್ಲಾರಿಗೂ ತಿಳಿತೈತಿ, ನಂದ್ಯಾಕ ತಿಳ್ಯಂಗಿಲ್ಲ?”

ಬಂದರಿನವರು ಯಾರನ್ನಾದರೂ ಕೇಳಬಹುದಿತ್ತಲ್ಲ ಎಂದೆ. ಬಂದರಿನವರಿಗೆ ಹೇಳಿದರೆ ಮರುದಿನ ಊರಿಗೆಲ್ಲ ಗೊತ್ತು, ಗಂಡ ತನ್ನನ್ನು ಬಿಟ್ಟೇ ಸತ್ತ ಎಂದು ಜನ ಆಡಿಕೊಂಡರೆ ಬದುಕುವುದು ಹೇಗೆ ಎಂದಳು. ನೀನು ನಾಳೆ ಹೋಗುವವಳು, ಕೆಟ್ಟದ್ದಾದರೆ ನಿನ್ನ ಸಂಗಡವೇ ಅದೂ ಹೋಗುತ್ತದೆ. ಅವಳು ಅದನ್ನು ಇದ್ದಂತೆ ಹೇಳಿದಳು. ಆದರೂ ನನಗೆ ಎಲ್ಲೋ ಚುಚ್ಚಿತು. ಇದಕ್ಕಾಗಿಯೇ ನನ್ನನ್ನು ಸಾಕಿದೆಯಾ ಎಂದು ಕೇಳಿಬಿಟ್ಟೆ.

ಆಕೆ ನನ್ನ ಮುಖವನ್ನು ನೇರವಾಗಿ ನೋಡಿದಳು. “ಅವತ್ತ ಎತ್ತಿ ಒಳಗ ತಂದದ್ದು, ನೀ ನನ್ನ ಬಾಗಲದಾಗ ಬಿದ್ದಿದ್ದಿ ಅಂತ. ಇದು ಹೊಳದದ್ದು ಆಮ್ಯಾಲೆ, ನೀ ಕೋಲ ಬಿಟ್ಟ ನಡದ ದಿನ. ಹೊಳದ ಮ್ಯಾಲೂ ಅಂಜಿಕಿ. ನೀ ಕರದಾಗೆಲ್ಲ ಒಲಿ ತೋರಿಸಿ ಕುಂತೆ.” ಸುಳ್ಳು ಹೇಳಬೇಡ ಎಂದಳು. ಕೆಟ್ಟದ್ದಿದ್ದರೆ ಕೆಟ್ಟದ್ದನ್ನೇ ಹೇಳು.

ಆಗಲಿ ಎಂದೆ. ಆದರೆ ಒಳಗೊಳಗೆ ಬೇರೆಯೇ ನಿಶ್ಚಯ ಮಾಡಿದ್ದೆ. ಕೆಟ್ಟದ್ದಾದರೆ ಈ ಮುದುಕಿಗೆ ಅದನ್ನು ಹೇಳಿ ದೋಣಿ ಹತ್ತುವವಳು ನಾನಲ್ಲ. ಹೀಗೆ ಹೋಗುವುದಾದರೆ ನನ್ನ ಜೀವ ಹೋದಂತೆ, ಎಂದೇನೋ ಒಂದು ಚಂದದ ಮಾತನ್ನು ನಾಲಿಗೆಯ ತುದಿಯಲ್ಲಿ ಸಿದ್ಧ ಮಾಡಿಟ್ಟುಕೊಂಡೆ.

ಓರ್ಮಾ ಕಣ್ಣು ಮುಚ್ಚಿದಳು. ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ಬಾಯಿ ತೆರೆದಾಗ ಬಂದ ದನಿ ಅವಳದೇ, ಆದರೆ ಮಾತಿನ ಗತ್ತು ಅವಳದಲ್ಲ. ದೂರಕ್ಕೆ ಕೇಳಲಿ ಎಂದು ನೀರಿನ ಮೇಲಿನಿಂದ ಕೂಗುವವನ ಗತ್ತು. ನಾನು ಕೇಳಿಸಿಕೊಂಡೆ. ಪೂರ್ತಿ ಅರ್ಥವಾಯಿತು. ಅರ್ಥವಾದ ಮೇಲೆ ಏನು ಮಾಡಬೇಕೆಂದು ತೋಚದೆ ಕೂತೆ. ಅದರಲ್ಲಿ ಶಾಪವೂ ಇರಲಿಲ್ಲ, ಪ್ರೀತಿಯ ಮಾತೂ ಇರಲಿಲ್ಲ. ಒಂಬತ್ತು ವರ್ಷ ಒಬ್ಬ ಹೆಂಗಸಿನ ನಿದ್ದೆಗೆಡಿಸಿದ ಮಾತು ಇಷ್ಟೇ ಎಂದರೆ ಅವಳಾದರೂ ನಂಬುವಳೇ ಎನ್ನಿಸಿತು. ನಾನು ಸುಮ್ಮನಿದ್ದುದನ್ನು ನೋಡಿ ಓರ್ಮಾಳ ಮುಖ ಇಳಿಯಿತು. ಕೆಟ್ಟದ್ದೇ ಅಲ್ಲವೇ ಎಂದಳು.

“ಅಲ್ಲ, ಆಯಿ. ಹಿಂಗ ಹೋಗೂದಾದ್ರ, ಕೀಲಿ ನನ್ನ ಕಡೆ ಐತಿ, ತಗೊಂಡ ಹೋಗು. ಇಲ್ಲಂದ್ರ ಬಾಗಲ ಮುಂದ ಬಿಸಲಾಗ ನಿಂದರತಿ. ಇಷ್ಟ ಅಂದಾನ.”

ಓರ್ಮಾ ನನ್ನ ಹತ್ತಿರ ಸರಿದಳು. ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಮೂರನೆಯ ಸಲ ಕೇಳಿದಾಗ ಒಂದೇ ಮಾತು ಕೇಳಿದಳು. “ಬಿಸಲಾಗ ಅಂದಾನೇನು?”

ಹೌದು ಎಂದೆ.

ಜಗಳವಾಡಿದ ಆ ದಿನ ಓರ್ಮಾ ಮನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ಕೀಲಿಯಿಲ್ಲದೆ ಒಂದು ತಾಸು ಉರಿ ಬಿಸಿಲಿನಲ್ಲಿ ನಿಂತಿದ್ದಳಂತೆ. ಬೇಕೆಂದೇ ನಿಲ್ಲಿಸಿದ್ದಾನೆ ಎಂದು ಅವಳ ಸಿಟ್ಟು ಇಮ್ಮಡಿಯಾಗಿತ್ತು. ಅವನು ಬೆವರು ಒರೆಸಿಕೊಳ್ಳುತ್ತ ಓಡಿ ಬಂದು ಕೀಲಿ ಚಾಚಿದಾಗ, ಕೈಯಿಂದ ಕಸಿದುಕೊಂಡು ಅವನ ಮುಖದ ಮೇಲೆಯೇ ಬಾಗಿಲು ಬಡಿದಿದ್ದಳು. ಈ ಸಂಗತಿಯನ್ನು ತಾನು ಇದುವರೆಗೆ ಒಬ್ಬರ ಮುಂದೆಯೂ ಆಡಿಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳ ಭುಜ ನಡುಗತೊಡಗಿತು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಮೇಲೆ ಅತ್ತಳು. ನಾನು ಅವಳ ಬೆನ್ನಿನ ಮೇಲೆ ಕೈಯಿಟ್ಟು ಕೂತೆ.

ಸ್ವಲ್ಪ ಹೊತ್ತಿಗೆ ಮೂಗು ಒರೆಸಿಕೊಂಡು, “ನೀ ಸುಳ್ಳ ಹೇಳಿದ್ರ ಇದಕ್ಕಿಂತ ಚಂದಂದ ಹೇಳ್ತಿದ್ದಿ,” ಎಂದಳು. ನನಗೆ ಕಿವಿ ಬಿಸಿಯಾಯಿತು.

ಆಮೇಲೆ ನಾವು ಏನೇನೋ ಮಾತಾಡಿದೆವು. ಅಪ್ಪನ ಅಂಗಡಿಗೆ ಎಷ್ಟು ಕುರ್ಚಿ, ಬಾದಾಮಿಯ ಬಂಡೆ ನಿಜವಾಗಿಯೂ ಕೆಂಪೇ, ರೊಟ್ಟಿಯನ್ನು ಲಟ್ಟಿಸದೆ ಬಡಿಯುವುದು ಹೇಗೆ. ಸಾಲೇನನಿಗೆ ಈಜು ಬರುತ್ತಿರಲಿಲ್ಲ ಎಂದು ಹೇಳಿ, ಅದನ್ನು ಯಾರಿಗೂ ಹೇಳಬೇಡ ಎಂದಳು. ಹೊರಗೆ ಹೋದರೆ ಮತ್ತೆ ಮೂಕಿಯರಾಗುತ್ತೇವೆ ಎಂದು ಇಬ್ಬರಿಗೂ ಗೊತ್ತಿತ್ತು, ಹೀಗಾಗಿ ಏಳಲು ಮನಸ್ಸಿರಲಿಲ್ಲ. ನೆರಳು ಉದ್ದವಾಗಿ ಕೊಳದವರೆಗೆ ಹೋಯಿತು. ಕೊನೆಗೆ ಅವಳೇ ಎದ್ದಳು. ಪೆಟಾರಿಯನ್ನು ಯಾಕೆ ಕೊಟ್ಟ ಎಂಬುದು ಮಾತ್ರ ಉಳಿಯಿತು ನೋಡು ಎಂದಳು. ಅದನ್ನು ಹೇಳಬಲ್ಲವಳು ಒಬ್ಬಳೇ ಇದ್ದಾಳೆ.

ದ್ವಾರ ದಾಟಿದ ಮೇಲೆ ಅವಳು ಮನೆಯ ದಾರಿ ಹಿಡಿಯಲಿಲ್ಲ. ಬಂದರಿನ ಓಣಿಗೆ ತಿರುಗಿದಳು. ನಾನು ಚೀಲ ಹೊತ್ತು ಹಿಂದೆ ಹಿಂದೆ ನಡೆದೆ. ಬಲೆ ಒಣಹಾಕಿದ್ದ ಒಂದು ಮನೆಯ ಮುಂದೆ ನಿಂತು ಕದ ತಟ್ಟಿದಳು. ತೆರೆದವಳು ತೆಳ್ಳಗಿನ ಮುದುಕಿ, ಕೈಗೆಲ್ಲ ಹಿಟ್ಟು. ಅವಳೇ ದೇಸ್ರಾ ಇರಬೇಕು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಓರ್ಮಾ ಏನು ಹೇಳಿದರೂ ಅವಳಿಗೆ ತಿಳಿಯುವಂತಿರಲಿಲ್ಲ. ಕೈಯೆತ್ತಿ ದಿಬ್ಬದ ಕಡೆ ತೋರಿಸಿದಳು. ದೇಸ್ರಾ ಇಳಿಯುತ್ತಿದ್ದ ಬಿಸಿಲನ್ನು ನೋಡಿದಳು, ಓರ್ಮಾಳ ಅತ್ತು ಕೆಂಪಾದ ಕಣ್ಣುಗಳನ್ನು ನೋಡಿದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಮನೆಯೊಳಗಿನ ಚಪ್ಪಲಿಯಲ್ಲಿಯೇ ಹೊರಟಳು.

ನಾವು ಮತ್ತೆ ದಿಬ್ಬ ಹತ್ತುವಷ್ಟರಲ್ಲಿ ಜನ ಇಳಿದು ಬರುತ್ತಿದ್ದರು. ತೀವಾ ದ್ವಾರದ ಒಂದು ಬಾಗಿಲು ಮುಚ್ಚಿ, ತೋಟ ಮುಚ್ಚುವಾಗ ಬಾರಿಸುವ ಗಂಟೆಯನ್ನು ಕೈಯಲ್ಲಿ ಹಿಡಿದಿದ್ದ. ಇಬ್ಬರು ಮುದುಕಿಯರನ್ನು ಒಟ್ಟಿಗೆ ಕಂಡು ಗಂಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ದಾರಿ ಬಿಟ್ಟ. ನನ್ನನ್ನೂ ಒಳಗೆ ಬಾ ಎಂದು ಸನ್ನೆ ಮಾಡಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅದು ನಾನು ಕೇಳುವ ಮಾತಲ್ಲ. ಬೇಲಿಯ ಹೊರಗೆ ಚೀಲವನ್ನು ಇಳಿಸಿ, ಅದರ ಮೇಲೆಯೇ ಕೂತೆ.

ಸರಳುಗಳ ನಡುವಿನಿಂದ ಅವರು ಕೊಳದ ದಂಡೆಯಲ್ಲಿ ನಿಂತಿದ್ದು ಕಾಣುತ್ತಿತ್ತು. ಮೊದಲು ಓರ್ಮಾಳ ದನಿ ಎದ್ದಿತು. ಆಮೇಲೆ ದೇಸ್ರಾಳದು, ಅದಕ್ಕಿಂತ ಜೋರಾಗಿ. ಜಗಳವೇ ಇರಬೇಕು ಎಂದುಕೊಂಡೆ. ಮತ್ತೆ ದೇಸ್ರಾ ತಗ್ಗಿದ ದನಿಯಲ್ಲಿ ಉದ್ದಕ್ಕೆ ಏನೋ ಹೇಳುತ್ತಿದ್ದಳು, ಕೈಯಲ್ಲಿ ಪೆಟಾರಿಯಷ್ಟು ಅಗಲ ತೋರಿಸುತ್ತಿದ್ದಳು, ಓರ್ಮಾ ಬಾಯಿಗೆ ಕೈಯಿಟ್ಟು ಕೇಳುತ್ತಿದ್ದಳು. ಅದೇನೆಂದು ನನಗೆ ಇಂದಿಗೂ ಗೊತ್ತಿಲ್ಲ. ತಿಳಿಯದ ಎರಡು ಭಾಷೆಗಳ ಸದ್ದನ್ನು ಕೇಳುತ್ತ ಕೂತಿದ್ದಾಗ, ನನ್ನನ್ನು ಅಲ್ಲಿ ಬೀಳಿಸಿದ ಕಲ್ಲಿನಿಂದ ಹಿಡಿದು ಪ್ರತಿಯೊಂದಕ್ಕೂ ಕೈ ಮುಗಿಯೋಣ ಅನ್ನಿಸುತ್ತಿತ್ತು.

ಅವರು ಹೊರಗೆ ಬರುವಾಗ ಹೊತ್ತು ಮುಳುಗುತ್ತಿತ್ತು. ದೇಸ್ರಾಳ ಚಪ್ಪಲಿ ಜಾರದಿರಲೆಂದು ಓರ್ಮಾ ಅವಳ ಮೊಣಕೈ ಹಿಡಿದಿದ್ದಳು. ಇಬ್ಬರೂ ಮಾತಾಡುತ್ತಲೇ ಬಂದರು. ದ್ವಾರ ದಾಟಿದರು, ತೀವಾನನ್ನು ದಾಟಿದರು, ನನ್ನನ್ನು ದಾಟಿದರು. ಓರ್ಮಾ ತನ್ನ ಭಾಷೆಯಲ್ಲಿ ಏನೋ ಹೇಳುವಳು, ದೇಸ್ರಾ ತನ್ನದರಲ್ಲಿ ಉತ್ತರ ಕೊಡುವಳು, ಓರ್ಮಾ ಅದಕ್ಕೆ ತಲೆಯಾಡಿಸಿ ಮುಂದುವರಿಸುವಳು. ಬೇಲಿ ಹಿಂದೆ ಉಳಿದದ್ದು ಇಬ್ಬರ ಗಮನಕ್ಕೂ ಬಂದಿರಲಿಲ್ಲ. ನಾನು ಚೀಲವನ್ನು ಬೆನ್ನಿಗೇರಿಸಿಕೊಂಡು, ಅವರ ಮಾತಿಗೆ ಅಡ್ಡ ಬಾರದಷ್ಟು ದೂರದಲ್ಲಿ, ಬಂದರಿನವರೆಗೂ ಅವರ ಹಿಂದೆಯೇ ಇಳಿದೆ.